ಹಗೇವಿಗೆ ಇಳಿಸಿದ ದೀಪ

ತಿಳಿದೀಪ ಬಂದ ವರ್ಷ ಎಷ್ಟೋ ಮಂದಿ ಮಾಸ್ತರರ ನಿದ್ದೆ ಹೋಯಿತು. ಕೋಳಿಮೊಟ್ಟೆಯ ಗಾತ್ರದ ಗಾಜಿನ ವಸ್ತು ಅದು, ಅಡಿಯಲ್ಲಿ ಎರಡು ತಾಮ್ರದ ಪಟ್ಟಿ. ಅಂಗೈಯಲ್ಲಿ ಹಿಡಿದು ಕೂತರೆ ಸಾಕು. ಕೇಳುತ್ತಿರುವ ಮಾತು ತಲೆಯೊಳಗೆ ಹೋಗಿ ನೆಟ್ಟಗೆ ಕೂತ ಗಳಿಗೆಗೆ, 'ಓಹೋ, ಹಿಂಗೋ!' ಅನ್ನಿಸುವಾಗ, ಮೈಯೊಳಗೆ ಸಣ್ಣ ಮಿಡಿತವೊಂದು ಏಳುತ್ತದೆ. ಆ ಮಿಡಿತ ಅಂಗೈಯ ಬೆವರಿನವರೆಗೂ ಇಳಿಯುತ್ತದೆ. ಅದನ್ನು ಹಿಡಿದು ದೀಪ ಹತ್ತಿಕೊಳ್ಳುತ್ತದೆ. ತಿಳಿದದ್ದು ತಲೆಯಲ್ಲಿ ನಿಂತಿರುವಷ್ಟು ಹೊತ್ತು ಉರಿಯುತ್ತದೆ, ಅನುಮಾನ ಬಂತೋ ಆರುತ್ತದೆ. ತಲೆಯಾಡಿಸಿ ಯಾಮಾರಿಸಲು ಬರುವುದಿಲ್ಲ.

ಅದು ಬಂದದ್ದೇ ಸರ್ಕಾರ ಒಂದು ಕಾನೂನು ತಂದಿತು. ವಿಶ್ವವಿದ್ಯಾಲಯದ ಸಂಶೋಧನೆಯೆಲ್ಲ ಮಂದಿಯ ದುಡ್ಡಿನಲ್ಲಿ ನಡೆದು, ಮಂದಿಗೆ ತಿಳಿಯದ ಮಾತಿನಲ್ಲಿ ಬರೆಸಿಕೊಂಡು, ಕಪಾಟಿನಲ್ಲಿ ಧೂಳು ತಿನ್ನುವುದು ಸಾಕು ಎಂಬ ಕೂಗು ಬಹಳ ದಿನದಿಂದ ಇತ್ತು. ಇನ್ನು ಮುಂದೆ ಯಾರೇ ಡಾಕ್ಟರೇಟು ಪಡೆಯಬೇಕಾದರೂ ಒಂದು ಊರಿಗೆ ಹೋಗಿ, ಅಲ್ಲಿಯ ಮಂದಿಯ ಮುಂದೆ ತಾನು ಕಂಡುಕೊಂಡದ್ದನ್ನು ಹೇಳಬೇಕು. ಮುಕ್ಕಾಲು ಪಾಲು ದೀಪ ಹತ್ತಿದರೆ ಪದವಿ. ಇಲ್ಲವಾದರೆ ಇನ್ನೊಂದೇ ಅವಕಾಶ. ಅದನ್ನು ದೀಪದ ಸಭೆ ಎಂದು ಕರೆದರು.

ಒಳ್ಳೆಯದಾಗಲಿಲ್ಲ ಎನ್ನುವಂತಿಲ್ಲ. ವಿಶ್ವವಿದ್ಯಾಲಯದವರನ್ನು ಮಂದಿ ಮೊದಲ ಸಲ ಎದುರಿಗೆ ಕೂರಿಸಿಕೊಂಡು, 'ಏನ್ ಮಾಡಾಕತ್ತೀರಿ ನೀವು?' ಎಂದು ಕೇಳಿದರು. ಹತ್ತಿಯ ಹುಳದ ಮೇಲೆ ಕೆಲಸ ಮಾಡಿದವನೊಬ್ಬನನ್ನು ಒಂದು ಊರಿನವರು ಮೂರು ದಿನ ಬಿಡದೆ ಉಳಿಸಿಕೊಂಡು ಉಣ್ಣಿಸಿ ಕೇಳಿದರು. ಆದರೆ ನಕ್ಷತ್ರಗಳ ಕಡೆ ನೋಡುವವರು ಕಡಿಮೆಯಾದರು, ಬಿಸಿ ಚಹಾ ಯಾಕೆ ಆರುತ್ತದೆ ಎಂದು ನೋಡುವವರು ಹೆಚ್ಚಿದರು. ಬೀಗರ ಮನೆಗೆ ಹೋಗುವಾಗ ಅಳಿಯಂದಿರು ಜೇಬಿನಲ್ಲಿ ದೀಪ ಇಟ್ಟುಕೊಂಡು ಹೋಗಿ ಜಗಳ ತಂದುಕೊಂಡರು.

ಸಭೆಗೆ ಒಂದು ಪದ್ಧತಿ ಬೆಳೆದಿತ್ತು. ಕೇಳುವವರ ಕೈಗೆಲ್ಲ ದೀಪ, ಹೇಳುವವರ ಕೈ ಮಾತ್ರ ಬರಿದು. ಯಾಕೆಂದು ಯಾರೂ ಕೇಳಿರಲಿಲ್ಲ. ಹೇಳುವವರಿಗೆ ತಿಳಿದೇ ಇರುತ್ತದಲ್ಲ!

ನೆಲದೊಳಗಿನ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಕಸ್ತೂರಿಯ ಮೊದಲ ಸಭೆ ಹಿಂದಿನ ವರ್ಷ ಕತ್ತಲಲ್ಲೇ ಮುಗಿದಿತ್ತು. ಕತ್ತಲೆಂದರೆ ಕತ್ತಲೇ. ಸಭಾಭವನದ ತುಂಬ ಕೂತ ಮಂದಿಯಲ್ಲಿ ಒಬ್ಬ ಮುದುಕನ ಕೈಯಲ್ಲಿ ಮಾತ್ರ ದೀಪ ಹತ್ತಿತ್ತು. ಆಮೇಲೆ ವಿಚಾರಿಸಿದರೆ, ತನ್ನ ಕಿವಿಯ ಯಂತ್ರ ಎಲ್ಲಿ ಬಿಟ್ಟುಬಂದೆ ಎನ್ನುವುದು ಅವನಿಗೆ ಆಗ ಹೊಳೆದಿತ್ತಂತೆ. ಅಂದಿನಿಂದ ಕಸ್ತೂರಿಗೆ ಒಂದೆಡೆ ಕೂರಲಾಗುತ್ತಿರಲಿಲ್ಲ. ಉಣ್ಣುತ್ತ ಎದ್ದುಹೋಗುವಳು, ಬಾಗಿಲವರೆಗೆ ಹೋಗಿ ಯಾಕೆ ಬಂದೆನೆಂದು ಮರೆತು ನಿಲ್ಲುವಳು.

ಅಭ್ಯಾಸಕ್ಕೆಂದು ಒಂದು ದೀಪ ಮನೆಗೆ ತಂದಿದ್ದಳು. ಅವಳ ತಾಯಿ ಈರವ್ವ ಒಲೆಯ ಮುಂದೆ ಕೂತು, ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಿಂದ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ ಮಗಳ ಪಾಠ ಕೇಳುತ್ತಿದ್ದಳು.

"ಯವ್ವಾ, ಮಳಿನೀರಿನ್ಯಾಗ ಒಂದ್ ಗುರುತು ಇರತೈತಿ. ಟ್ರಿಷಿಯಂ ಅಂತಾರ."

"ಹೂಂ."

"ನೆಲದಾಗ ಇಳದ ಮ್ಯಾಲ ವರ್ಷಾ ಹ್ವಾದಂಗ ಆ ಗುರುತು ಕರಗತೈತಿ. ಗುರುತ ಇಲ್ಲದ ನೀರು ಅಂದ್ರ ಭಾಳ ಹಳೇದು. ಎರೆಹಾಳ ಊರಿನ ಕೆಳಗಿನ ಬಂಡಿಗಲ್ಲಿನೊಳಗ ಇರೂದು ಅಂಥಾ ನೀರು. ಇನ್ನೊಂದು ಪರೀಕ್ಷಾ ಮಾಡಿ ವಯಸ್ಸೂ ಎಣಿಸೀನಿ, ಕೋಟೆ ಕಟ್ಟಿದ ರಾಜರಿಗಿಂತಾ ಹಿಂದಿನ ಮಳಿ ಅದು."

ಈರವ್ವ ದೀಪವನ್ನು ತಿರುಗಿಸಿ ನೋಡಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದರ ಬ್ಯಾಟ್ರಿ ಹೋಗಿರಬೇಕು ನೋಡು."

"ಬ್ಯಾಟ್ರಿ ನೆಟ್ಟಗೈತಿ. ನಿನಗ ತಿಳಿದಿಲ್ಲ, ಅಷ್ಟ."

"ನನಗ ತಿಳಿಯದಿದ್ರ ನಿನಗ ಹೇಳಾಕ ಬರೂದಿಲ್ಲ ಅಂತ ಅರ್ಥ. ನಾಕ್ ಮಂದಿ ಸಂಬಂಧ ಕುದುರಿಸೀನಿ, ದಡ್ಡಿ ಅಲ್ಲ ನಾ." ಈರವ್ವ ರೊಟ್ಟಿಯನ್ನು ಕೆಂಡದ ಕಡೆ ವಾಲಿಸಿ ನಿಲ್ಲಿಸಿದಳು. "ಅಂದ್ರ... ಹಗೇವಿನ್ಯಾಗಿನ ಜ್ವಾಳ ಇದ್ದಂಗ ಅನ್ನು. ತುಂಬಿದಾವ್ರು ಯಾವಾಗೋ ಸತ್ತ ಹ್ವಾದ್ರು. ಈಗಿನಾವ್ರು ತಗದ್ ತಗದ್ ತಿಂದ್ರ ತೀರಿತು. ಮ್ಯಾಲಿಂದ ತುಂಬಾವ್ರು ಯಾರೂ ಇಲ್ಲ."

ಮಾತು ಮುಗಿಯುವ ಮೊದಲೇ ಅವಳ ಎಡಗೈ ಬೆಳ್ಳಗೆ ಬೆಳಗಿತು. ಈರವ್ವ ಬೆಚ್ಚಿ ದೀಪವನ್ನು ಹಂಚಿನ ಮೇಲೆ ಕೆಡವುತ್ತಿದ್ದಳು. ಕಸ್ತೂರಿ ಅವಳ ಕೈಯನ್ನು ದೀಪದ ಸಮೇತ ಹಿಡಿದುಕೊಂಡಳು.

ಹಗೇವು ಆ ಕಡೆಯ ಹಳೆಯ ಕಣಜ. ನೆಲದೊಳಗೆ ಕೊಡದಾಕಾರದ ಗುಂಡಿ ತೋಡಿ, ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಈಗ ಯಾರೂ ತುಂಬುವುದಿಲ್ಲ. ಆದರೂ ಊರಿನ ಹಿರಿಯರೆಲ್ಲ ಕಂಡವರೇ, ಕಿರಿಯರೆಲ್ಲ ಕೇಳಿದವರೇ. ಇಷ್ಟು ವರ್ಷ ಹುಡುಕಿದ ಮಾತು ಒಲೆಯ ಮುಂದೆ ಸಿಕ್ಕಿತಲ್ಲ ಎಂದು ಕಸ್ತೂರಿ ತಾಯಿಯನ್ನು ಅಪ್ಪಿಕೊಂಡಳು. ಅಪ್ಪಿಕೊಂಡಿರುವಾಗಲೇ ಎರೆಹಾಳದ ಕುರಿಹಟ್ಟಿಯ ಬಾವಿ ನೆನಪಾಯಿತು.

"ಆದ್ರ ಯವ್ವಾ, ಒಂದ್ ಬಾವಿಯೊಳಗ ಮಾತ್ರ ಹೊಸಾ ನೀರ ಸಿಕ್ಕೈತಿ."

"ಹೊಸಾ ನೀರು? ಎಲ್ಲಿಂದ ಬಂತು?"

ದೀಪ ಆರಿತು.

ಮರುದಿನ ಬೆಳಿಗ್ಗೆಯೇ ಅವಳು ಪ್ರಯೋಗಾಲಯಕ್ಕೆ ಹೋದಳು. ಎರೆಹಾಳದ ಕೊಳವೆಬಾವಿಗಳಿಂದ ತಂದ ನೀರಿನ ಬಾಟಲಿಗಳು ಅಲ್ಲಿ ಹೆಸರು ಬರೆಸಿಕೊಂಡು ಸಾಲಾಗಿ ನಿಂತಿದ್ದವು. ಕುರಿಹಟ್ಟಿಯ ಪಕ್ಕದ ಬಾವಿಯ ನೀರನ್ನು ಅವಳು ಮತ್ತೊಮ್ಮೆ ಯಂತ್ರಕ್ಕೆ ಹಾಕಿದಳು. ಆ ಬಾವಿಯ ನೀರು ಹಿಂದೆಯೂ ಹೀಗೇ ಹಟ ಮಾಡಿತ್ತು. ಎಣಿಕೆ ಮುಗಿಯುವವರೆಗೆ ಕೂರಲಾರದೆ ಕಾರಿಡಾರಿನಲ್ಲಿ ಅಡ್ಡಾಡಿದಳು. ಬಂದು ನೋಡಿದರೆ ಪರದೆಯ ಮೇಲೆ ಅದೇ ಗೆರೆ, ಮಳೆಯ ಗುರುತು ಸ್ಪಷ್ಟವಾಗಿ ಎದ್ದು ನಿಂತಿತ್ತು. ಉಳಿದ ಬಾವಿಗಳಲ್ಲಿ ಸಾವಿರಾರು ವರ್ಷದ ನೀರು, ಇದೊಂದರಲ್ಲಿ ಮೊನ್ನೆ ಮೊನ್ನೆಯ ಮಳೆ ಬೆರೆತಿದೆ. ಎಲ್ಲಿಯೋ ಒಂದು ದಾರಿ ಇದೆ. ಎಲ್ಲಿ?

ಅವಳ ಮಾರ್ಗದರ್ಶಕ ಇಟಗಿಯವರು ಚಹಾದ ಲೋಟ ಹಿಡಿದು ಬಂದು ಹಿಂದೆ ನಿಂತರು. ಕೆಟ್ಟ ಮನುಷ್ಯರಲ್ಲ. ತಮ್ಮ ಕೈಕೆಳಗಿನ ಇಬ್ಬರು ಒಳ್ಳೆಯ ವಿದ್ಯಾರ್ಥಿಗಳು ಹತ್ತದ ದೀಪಗಳ ಮುಂದೆ ನಿಂತು ಅತ್ತದ್ದನ್ನು ಕಂಡಿದ್ದರು. ಅವರಲ್ಲೊಬ್ಬ ಈಗ ಸೋಲಾರ್ ಫಲಕ ಒರೆಸುವ ಕಂಪನಿಯಲ್ಲಿದ್ದ.

"ಮತ್ತ ಅದ ಬಾವಿ ಹಿಡಕೊಂಡು ಕುಂತಿಯೇನವಾ?"

"ಸರ್, ಇದನ್ನ ಬಿಟ್ಟು ಹಗೇವಿನ ಮಾತಷ್ಟ ಹೇಳಿದ್ರ ಸುಳ್ಳಾಗತೈತಿ."

"ಪ್ರಬಂಧದಾಗ ಬರದೀಯೋ ಇಲ್ಲೋ?"

"ಬರದೀನ್ರಿ."

"ಮತ್ತ? ಮುಚ್ಚಿಟ್ಟಿಲ್ಲಲ್ಲ. ಸಭಾದಾಗ ಎಲ್ಲಾನೂ ಹೇಳಾಕ ಹ್ವಾದ್ರ ಏನೂ ತಿಳಿಯೂದಿಲ್ಲ. ಕೂಸಿಗೆ ಉಣಸುಮುಂದ ಇಡೀ ರೊಟ್ಟಿ ಬಾಯಾಗ ತುರುಕತೀಯೇನು?" ಅವರು ಲೋಟ ಕೆಳಗಿಟ್ಟರು. "ಈ ಸಲ ತಪ್ಪಿದ್ರ ಎಲ್ಲಾ ಹೋಗತೈತಿ ಕಸ್ತೂರಿ. ಮೊದಲು ಪದವಿ ತಗೋ. ಆ ಮ್ಯಾಲ ಜನ್ಮ ಪೂರ್ತಿ ಆ ಬಾವಿ ದಂಡಿ ಮ್ಯಾಲ ಕುಂದರು, ನಾನೂ ಬಂದು ಕುಂದರತೇನಿ."

ಅವರ ಮಾತು ಸರಿಯೆನಿಸಿತು. ಆದರೂ ಪರದೆಯ ಮೇಲಿನ ಗೆರೆಯನ್ನು ಅವಳು ಇನ್ನೊಮ್ಮೆ ನೋಡಿದಳು.

ಈ ಸಲದ ಸಭೆ ಎರೆಹಾಳದಲ್ಲೇ ಎಂದು ಗೊತ್ತಾಯಿತು. ಊರಿಗೆ ಹೋಗಿ ಇಳಿಯುತ್ತಲೇ ಪಂಚಾಯಿತಿ ಅಧ್ಯಕ್ಷ ಫಕ್ಕೀರಗೌಡ ಕಸ್ತೂರಿ, ಇಟಗಿ ಇಬ್ಬರನ್ನೂ ಗೋಕಟ್ಟೆಯ ಕಡೆ ಕರೆದುಕೊಂಡು ಹೋದ. ದನಕರು, ಕುರಿಗಳು ನೀರು ಕುಡಿಯುವ ಹಳೆಯ ಹೊಂಡ ಅದು. ನಡುವೆ ಕೆಂಪು ನೀರು, ಸುತ್ತ ಒಣಗಿ ಬಿರಿದ ಕೆಸರಿನಲ್ಲಿ ಕುರಿಯ ಹೆಜ್ಜೆಗಳು. ದಂಡೆಯ ಮೇಲೆ ಮಣ್ಣಿನ ಗುಡ್ಡೆಗಳು ಬಿದ್ದಿದ್ದವು, ಇನ್ನೆರಡು ಟಿಪ್ಪರ್ ತುಂಬಿ ನಿಂತಿದ್ದವು.

"ಇದನ್ನ ಮುಚ್ಚಿ ಮೆಣಸಿನಕಾಯಿ ಒಣಗಸೂ ಕಣ ಮಾಡ್ತೇವ್ರಿ ಅಕ್ಕಾರ. ಮ್ಯಾಲ ತಗಡು, ಸುತ್ತ ಗ್ವಾಡಿ. ಊರ ಮಂದಿ ರಸ್ತಾದ ಮ್ಯಾಲ ಹರವಿ ಧೂಳ್ ಬಡಸಿ ಮಾರೂದು ತಪ್ಪತೈತಿ." ಗೌಡನ ಮುಖದಲ್ಲಿ ಕಪಟವಿರಲಿಲ್ಲ, ಕಣದ ಆಸೆಯೇ ಇತ್ತು. "ಕುರಿಯೋರು ತಕರಾರು ತಗದಾರ. ಗೋಕಟ್ಟಿ ನೀರು ಇಳದ್ ಇಳದ್ ಊರ ಬಾವಿಗೆ ಸೇರತೈತಿ ಅಂತಾರ ಅವ್ರು. ಸೇರೂದಿಲ್ಲ ಅಂತೀವಿ ನಾವು. ಈಗ ನೀವ ಬಂದೀರಿ. ನೀವು ಹೇಳಿದಂಗ ಅಂತ ಎರಡೂ ಕಡಿಯಾವ್ರು ಒಪ್ಪೇವಿ. ಸಭಾ ಮುಗದ ಕೂಡ್ಲೆ ಪಂಚಾಯ್ತಿ ಠರಾವು ಬರದಬಿಡತೇವಿ."

ಕಸ್ತೂರಿ ಇಟಗಿಯವರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

ಸಮುದಾಯ ಭವನ ಹೊತ್ತೇರುವುದರೊಳಗೆ ತುಂಬಿತು. ಬಾಗಿಲಲ್ಲಿ ಬುಟ್ಟಿ ಇಟ್ಟು, ಬಂದವರ ಕೈಗೆಲ್ಲ ವಿಶ್ವವಿದ್ಯಾಲಯದವರು ದೀಪ ಕೊಟ್ಟರು. ಕಿಟಕಿಗಳಿಗೆ ಪರದೆ ಎಳೆದರು. ಮುಂದಿನ ಸಾಲಿನಲ್ಲಿ ಗೌಡ ಕೂತ. ಅವನಿಂದ ಒಂದು ಮಾರು ದೂರದಲ್ಲಿ, ಕುರ್ಚಿ ಬೇಡವೆಂದು ನೆಲದ ಮೇಲೆ ಕಾಲು ಚಾಚಿಕೊಂಡು, ಕುರಿಹಟ್ಟಿಯ ಲಗಮವ್ವ ಕೂತಳು. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಅಡಿಕೆ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಅವಳದು, ನಾಲಿಗೆಯೂ ಹಾಗೇ.

"ಏನ್ ಗೌಡಾ, ಟಿಪ್ಪರ್ ಮೊದಲ ತುಂಬಿಸಿ ನಿಲ್ಲಿಸೀ. ಮದವಿ ಗೊತ್ತಾಗೂಕ್ಕಿಂತ ಮೊದಲ ತೊಟ್ಟಲಾ ಕಟ್ಟಿದಂಗ."

"ನಿನ್ನ ಕುರಿಗೆ ಬ್ಯಾರೆ ತೊಟ್ಟಿ ಕಟ್ಟಸ್ತೇನಿ, ಸುಮ್ ಕುಂದರು ದೊಡ್ಡವ್ವಾ."

"ಪಂಚಾಯ್ತಿ ತೊಟ್ಟಿ! ಕುರಿ ಸತ್ತ ಮ್ಯಾಲ ನೀರ ಬಿಡತಾರ ಅದಕ್ಕ."

ನಗೆ ಎದ್ದಿತು. ಇಟಗಿಯವರು ಎಣಿಕೆಯ ಪೆಟ್ಟಿಗೆಯ ಹಿಂದೆ ಕೂತು ಕೆಮ್ಮಿದರು. ಹತ್ತಿದ ದೀಪಗಳನ್ನು ಪೆಟ್ಟಿಗೆ ತಾನೇ ಎಣಿಸುತ್ತದೆ. ಆದರೆ ಪ್ರಶ್ನೆಗಳು ಮುಗಿದವೆಂದು ಗಂಟೆ ಒತ್ತುವುದು ಮಾರ್ಗದರ್ಶಕರ ಹಕ್ಕು. ಗಂಟೆ ಬಾರಿಸಿದ ಗಳಿಗೆಯ ಎಣಿಕೆಯೇ ಕೊನೆಯದು.

ಕಸ್ತೂರಿ ಎದ್ದು ನಿಂತಳು. ಮಳೆಯ ಗುರುತಿನ ವಿಷಯ ಹೇಳಿದಳು, ಅದು ಕರಗುವುದನ್ನು ಹೇಳಿದಳು. ಭವನ ಕತ್ತಲಾಗಿಯೇ ಇತ್ತು. ಯಾರೋ ಆಕಳಿಸಿದರು. ಹಿಂದಿನ ವರ್ಷದ ಕತ್ತಲೇ ಎದ್ದು ಬಂದು ತನ್ನೆದುರು ಕೂತ ಹಾಗೆ ಅವಳಿಗೆ ಅನ್ನಿಸಿತು. ಆಗ ತಾಯಿಯ ಮಾತನ್ನು ಹೊರಗೆ ತೆಗೆದಳು.

"ನಿಮ್ಮ ಊರಾಗ ಹಗೇವು ಇದ್ದುವಲ್ಲ..."

ಮೊದಲು ಮೂಲೆಯಲ್ಲಿ ಒಂದು ದೀಪ ಹತ್ತಿತು. ಆಮೇಲೆ ಅದರ ಪಕ್ಕದ್ದು. ತುಂಬಿದವರು ಸತ್ತರು ಎಂದಾಗ ಒಂದು ಸಾಲು ಬೆಳಗಿತು, ಮೇಲಿಂದ ತುಂಬುವವರಿಲ್ಲ ಎಂದಾಗ ಇಡೀ ಭವನವೇ ಬೆಳಗಿತು. ಮಂದಿ ತಮ್ಮ ಕೈ ತಾವೇ ನೋಡಿಕೊಂಡು ನಕ್ಕರು. ಒಬ್ಬರ ಮುಖ ಒಬ್ಬರಿಗೆ ಕಂಡಿತು. ಒಬ್ಬ ತಾಯಿ ತನ್ನ ಬೆಳಗುವ ಅಂಗೈಯನ್ನು ತೊಡೆಯ ಮೇಲಿನ ಕೂಸಿಗೆ ತೋರಿಸಿದಳು. ಇಟಗಿಯವರ ಕಣ್ಣಲ್ಲಿ ನೀರು ಬಂದಿತ್ತು.

"ಏನರ ಕೇಳೂದೈತೇನು?" ಎಂದರು ಅವರು, ಬೆರಳನ್ನು ಗಂಟೆಯ ಹತ್ತಿರ ತಂದು.

ಗೌಡ ಎದ್ದ. "ಅಂದ್ರ ಅಕ್ಕಾರ, ಕೆಳಗಿನ ನೀರು ಕೆಳಗ, ಮ್ಯಾಲಿನ ನೀರು ಮ್ಯಾಲ. ಗೋಕಟ್ಟಿ ನೀರು ಬಾವಿಗೆ ಇಳಿಯೂದಿಲ್ಲ. ಹೌದಲ್ರಿ?"

ಆ ಮಾತಿಗೆ ಭವನದ ಬೆಳಕು ಇನ್ನಷ್ಟು ಏರಿತು. ಹೇಳಿದ್ದು ಕೂಡಿ ಬಂತಲ್ಲ!

"ಅದು... ಬಹಳಷ್ಟು ಬಾವಿಯೊಳಗ ಹಂಗ ಐತ್ರಿ," ಎಂದಳು ಕಸ್ತೂರಿ. ತನ್ನ ದನಿ ತನಗೇ ಬೇರೆಯವರ ದನಿಯಂತೆ ಕೇಳಿಸಿತು. ಒಂದು ದೀಪವೂ ಅಲುಗಲಿಲ್ಲ. ಆ 'ಬಹಳಷ್ಟು' ಯಾರ ಕಿವಿಗೂ ಬೀಳಲಿಲ್ಲ.

"ಮುಗೀತು ಹಂಗಾರ," ಎಂದ ಗೌಡ.

"ಎಲ್ಲಿ ಮುಗೀತು?" ಲಗಮವ್ವ ತನ್ನ ಅಂಗೈಯ ಬೆಳಕನ್ನೇ ದುರುಗುಟ್ಟಿ ನೋಡುತ್ತಿದ್ದಳು. "ನೋಡ್ರೆಪಾ ಈ ಹಾಳ್ ದೀಪಾನ! ನನ್ ಕೈಯಾಗ ಕುಂತು ಗೌಡನ ಕಡಿಗೆ ಹತ್ತೈತಿ. ಊದಿದ್ರೂ ಆರವಲ್ದು."

ಭವನ ಗೊಳ್ಳೆಂದಿತು. ಇಟಗಿಯವರೂ ನಕ್ಕರು. "ತಿಳೀತು ಅಂದಂಗಾತಲ್ಲ ಆಯೀ?"

"ತಿಳೀತು. ಭಾಳ ಸಲೀಸ ತಿಳೀತು. ಅದ ನನಗ ಬ್ಯಾಸರ." ಅವಳು ಮೊಣಕಾಲು ಹಿಡಿದು ಎದ್ದಳು. "ತಂಗೀ, ಹಗೇವು ಅಂದ್ಯಲ್ಲ. ಹಗೇವು ತಗದಾಗ ಮೊದಲ ಏನ್ ಮಾಡತಿದ್ರು ಗೊತ್ತೈತೇನು?"

"ಇಲ್ಲ ಆಯೀ."

"ದೀಪಾ ಇಳಸ್ತಿದ್ರು. ಹಗ್ಗಕ್ಕ ಕಟ್ಟಿ. ಬಾಯಿ ಮುಚ್ಚಿದ ಗುಂಡಿಯೊಳಗ ಕೆಟ್ ಗಾಳಿ ಇರತೈತಿ. ದೀಪಾ ಆರಿತು ಅಂದ್ರ ಯಾರೂ ಇಳಿಯಂಗಿಲ್ಲ. ಉರಿದ್ರ, ಒಬ್ಬಾಂವ ಅದನ್ನ ಕೈಯಾಗ ಹಿಡಕೊಂಡ ಇಳಿತಿದ್ದ. ಮ್ಯಾಲ ನಿಂತಾವ್ರ ಕೈಯಾಗ ಎಷ್ಟ್ ದೀಪಾ ಇದ್ರ ಏನ್ ಬಂತು? ಇಳದಾಂವನ ಕೈಯಾಗ ಇರಬೇಕು." ಅವಳು ವೇದಿಕೆಯವರೆಗೆ ನಡೆದು ಬಂದು ತನ್ನ ದೀಪ ಚಾಚಿದಳು. "ಕೆಳಗ ಇಳದ ನೋಡಿ ಬಂದಾಕಿ ನೀನು. ಹಿಡೀ. ಹಿಡದು ಅದ ಮಾತು ಇನ್ನೊಮ್ಮೆ ಹೇಳು. ಹತ್ತಿತು ಅಂದ್ರ ನಾನ ನಿಂತು ಗೋಕಟ್ಟಿಗೆ ಮೊದಲ ಬುಟ್ಟಿ ಮಣ್ಣ ಹಾಕತೇನಿ."

"ಹಂಗೆಲ್ಲ ಪದ್ಧತಿ ಇಲ್ಲ ಆಯೀ," ಎಂದರು ಇಟಗಿ. ಅವರ ಬೆರಳು ಗಂಟೆಯ ಮೇಲೆಯೇ ಇತ್ತು. ಒತ್ತಿದರೆ ಮುಗಿಯಿತು. ಅವರು ಕಸ್ತೂರಿಯನ್ನು ನೋಡಿದರು, ಒತ್ತಲೇ ಎಂದು ಕೇಳುವಂತೆ.

ಅವಳಿಗೆ ಹಿಂದಿನ ಒಂದು ವರ್ಷದ ಓಡಾಟವೆಲ್ಲ ಆ ಬೆರಳಿನ ತುದಿಯಲ್ಲಿ ನಿಂತಂತೆ ಕಂಡಿತು. ಗಂಟೆ ಒತ್ತಿದರೆ ಊರಿಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಬಹುದು. ತಾಯಿ ಓಣಿಗೆಲ್ಲ ಸಕ್ಕರೆ ಹಂಚಿಯಾಳು. ಮಲಗಿದ ಮೇಲೆ ನಿದ್ದೆ ಬರುತ್ತದೆಯೇ ಎಂದು ಯೋಚಿಸಿದಳು. ಕೈ ಅಡ್ಡ ಆಡಿಸಿ ಬೇಡವೆಂದಳು. ಲಗಮವ್ವನ ಕೈಯಿಂದ ದೀಪ ತೆಗೆದುಕೊಂಡಳು. ಅದು ಇನ್ನೂ ಮುದುಕಿಯ ಕೈಯ ಶಾಖದಿಂದ ಬೆಚ್ಚಗಿತ್ತು. ಅಂಗೈ ಬದಲಾದೊಡನೆ ಆರಿತು.

"ಎರೆಹಾಳದ ಕೆಳಗಿನ ನೀರು ಹಗೇವಿನ ಜ್ವಾಳ ಇದ್ದಂಗ," ಎಂದಳು. "ತುಂಬಿದಾವ್ರು ಸತ್ತ ಹ್ವಾದ್ರು. ಮ್ಯಾಲಿಂದ ತುಂಬಾವ್ರಿಲ್ಲ."

ಎಲ್ಲರೂ ಕತ್ತು ಚಾಚಿ ನೋಡಿದರು. ಬೆಳಗುವ ಭವನದಲ್ಲಿ ಅವಳೊಬ್ಬಳ ಕೈ ಮಾತ್ರ ಕಪ್ಪಗಿತ್ತು.

ಯಾರೂ ನಗಲಿಲ್ಲ. ಗೌಡನೇ ಅವಳನ್ನು ಕಾಪಾಡುವವನಂತೆ, "ಅಂಜ್ಯಾರ ಪಾಪ. ಇನ್ನೊಮ್ಮೆ ಹೇಳ್ರಿ ಅಕ್ಕಾರ," ಎಂದ.

"ಎಷ್ಟ್ ಸಲ ಹೇಳಿದ್ರೂ ಹತ್ತೂದಿಲ್ರಿ ಗೌಡ್ರ," ಎಂದಳು ಕಸ್ತೂರಿ. "ಯಾಕಂದ್ರ ಅದು ಅರ್ಧಾ ಮಾತು. ಹಟ್ಟಿ ಬಾಜೂಕಿನ ಬಾವಿಯೊಳಗ ಹೊಸಾ ಮಳಿನೀರು ಐತಿ. ಮತ್ತ ಮತ್ತ ನೋಡೀನಿ, ಐತಿ. ಎಲ್ಲೋ ಮ್ಯಾಲಿಂದ ಒಂದು ಸಂದಿ ಬಿಟ್ಟೈತಿ, ಅದರಾಗ ನೀರು ಇಳಿಯಾಕತ್ತೈತಿ. ನಿಮ್ಮ ಹಗೇವಿಗೆ ಯಾರೋ ಇನ್ನೂ ಜ್ವಾಳ ಹಾಕಾಕತ್ತಾರ."

ಎದುರಿನ ಸಾಲಿನಲ್ಲಿ ಒಂದು ದೀಪ ಆರಿತು.

"ಗೋಕಟ್ಟಿಯಿಂದೇನು?" ಎಂದಳು ಲಗಮವ್ವ ಥಟ್ಟನೆ. ಆಸೆ ಅವಳ ಕಣ್ಣಿನಲ್ಲಿ ಹತ್ತಿಕೊಂಡಿತ್ತು.

ಹೌದೆಂದರೆ ಭವನದ ಅರ್ಧ ಮತ್ತೆ ಬೆಳಗುತ್ತಿತ್ತು. ಅದು ಕಸ್ತೂರಿಗೆ ಗೊತ್ತಿತ್ತು.

"ಇರಬಹುದು ಆಯೀ. ಹಳ್ಳದಿಂದ ಇರಬಹುದು. ಗುಡ್ಡದ ಕಡಿಯಿಂದ ಇರಬಹುದು. ನನಗ ಗೊತ್ತಿಲ್ಲ."

ದೀಪಗಳು ಒಂದೊಂದಾಗಿ, ಆಮೇಲೆ ಗುಂಪುಗುಂಪಾಗಿ ಆರಿದವು. ಕೂಸಿನ ತಾಯಿಯ ಅಂಗೈ ಕಡೆಯದಾಗಿ ಆರಿತು, ಕೂಸು ಅತ್ತಿತು. ಕತ್ತಲೆಯಲ್ಲಿ ಕಸ್ತೂರಿಯ ಬೆರಳುಗಳ ಸಂದಿಯಿಂದ ಒಂದು ಮಂಕು ಬೆಳಕು ಹೊರಬಂದಿತು. ಅವಳು ನೋಡಿಕೊಳ್ಳುವಷ್ಟರಲ್ಲಿ ಅದು ನಡುಗಿತು, ಇಳಿಯಿತು, ಮತ್ತೆ ಎದ್ದಿತು. ಪೂರ್ತಿ ಹತ್ತಲೂ ಇಲ್ಲ, ಆರಲೂ ಇಲ್ಲ.

"ಅಲ್ರೀ, ಇಷ್ಟ್ ವರ್ಷ ಓದಿ ಗೊತ್ತಿಲ್ಲ ಅಂದ್ರ ಹ್ಯಾಂಗ?" ಗೌಡನ ದನಿಯಲ್ಲಿ ಸಿಟ್ಟಿತ್ತು. "ನಾವೇನ್ ಠರಾವು ಮಾಡೂದು ಈಗ? ಟಿಪ್ಪರ್ ಬಾಡಿಗಿಗೆ ಬಂದು ನಿಂತಾವು."

"ನಿಂದರಲಿ ಬಿಡು. ನನ್ನ ಕುರೀನೂ ನಿಂತಾವು," ಎಂದಳು ಲಗಮವ್ವ. ಆದರೆ ಗೆದ್ದವಳ ದನಿಯಲ್ಲ ಅದು. ತನ್ನ ಹಟ್ಟಿಯ ಬಾವಿಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಅವಳೂ ಯೋಚಿಸುತ್ತಿದ್ದಳು.

ಇಟಗಿಯವರು ಬಹಳ ಹೊತ್ತು ಕಾದರು. ಕಡೆಗೆ ಗಂಟೆ ಒತ್ತಿದರು. ಪೆಟ್ಟಿಗೆ ಕತ್ತಲನ್ನು ಎಣಿಸಿತು. ಕಸ್ತೂರಿಯ ಕೈಯ ದೀಪ ಕೇಳುವವರದಲ್ಲ ಎಂದೋ ಏನೋ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇಟಗಿಯವರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಆಮೇಲೆ, "ಬಾವಿ ದಂಡಿ ಮ್ಯಾಲ ಕುಂದರತೇನಿ ಅಂದಿದ್ನಲ್ಲಾ," ಎಂದು ತಮಗೇ ಹೇಳಿಕೊಂಡರು.

ಪರದೆ ಸರಿಸಿದರು. ಬಿಸಿಲು ಒಳಗೆ ಬಂತು. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತವನು, "ಸಭಾ ಮುಗೀತ್ರಿ, ದೀಪಾ ವಾಪಸ್ ಹಾಕ್ರಿ," ಎಂದು ಕೂಗಿದ. ಸೋತ ಸಭೆಗಳಲ್ಲಿ ಮಂದಿ ಬೇಗ ಎದ್ದುಹೋಗುವುದು ರೂಢಿ. ಹತ್ತದ ದೀಪ ಕೈಯಲ್ಲಿದ್ದರೆ ಎಲ್ಲರಿಗೂ ನಾಚಿಕೆ.

ಯಾರೂ ಏಳಲಿಲ್ಲ. ಹಳ್ಳದಿಂದ ಆದರೆ ಬೇಸಿಗೆಯಲ್ಲಿ ನಿಲ್ಲಬೇಕಿತ್ತಲ್ಲ ಎಂದು ಒಬ್ಬ ಅಂದ. ಗುಡ್ಡದ ಕಡೆ ಕಲ್ಲು ಒಡೆದಾಗ ಸಂದಿ ಬಿಟ್ಟಿದೆಯೇ ನೋಡಬೇಕು ಎಂದು ಇನ್ನೊಬ್ಬ. ಗೌಡ ಸಿಟ್ಟಿನಲ್ಲೇ ಕುರ್ಚಿಯನ್ನು ಅವರ ಕಡೆ ತಿರುಗಿಸಿ ಕೂತ, "ಬಣ್ಣಾ ಹಾಕಿ ನೋಡಾಕ ಬರತೈತೇನ್ರಿ ನೀರಿಗೆ?" ಎಂದು ಕಸ್ತೂರಿಯನ್ನು ಕೇಳಿದ. ಬರುತ್ತದೆ ಎಂದಳು. ವೇದಿಕೆಯಿಂದ ಇಳಿದು ನೆಲದ ಮೇಲೆ ಲಗಮವ್ವನ ಪಕ್ಕಕ್ಕೆ ಕೂತಳು.

ಬುಟ್ಟಿಯವನು ಸಾಲುಸಾಲಾಗಿ ಬಂದು ಲಗಮವ್ವನ ಮುಂದೆ ನಿಂತ. ಅವಳು ಕಸ್ತೂರಿಯ ಕೈಯಿಂದ ತನ್ನ ದೀಪ ಕಿತ್ತುಕೊಂಡು, ಅಂಗೈ ಬದಲಾಗಿ ಮತ್ತೆ ಕಪ್ಪಾದ ಅದನ್ನು ಸೊಂಟಕ್ಕೆ ಸಿಗಿಸಿ ಕಂಬಳಿ ಮುಚ್ಚಿದಳು.

"ಹೋಗಪಾ ಅತ್ತಾಗ," ಎಂದಳು. "ನೀರಿನ ದಾರಿ ಸಿಕ್ಕ ಮ್ಯಾಲ ಬಾ. ಹತ್ತಲಾರದ್ದನ್ನ ಹ್ಯಾಂಗ ಕೊಡೂದು?"